ಹಾಕಿದ್ದನ್ನು ಬರೆದಿಡಿ, ಎಲ್ಲಿಂದ ತಂದಿರೆಂದೂ ಬರೆದಿಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಂಪ್ಯೂಟರ್ ಅಂಗಡಿಯ ಅಣ್ಣಂದಿರಿಗೆ, ಶಾಲೆ-ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವ ಮಾಷ್ಟ್ರು-ಟೀಚರುಗಳಿಗೆ, ಹಬ್ಬಕ್ಕೆ ಊರಿಗೆ ಬಂದಾಗ ಮನೆಯ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟು ಹೋಗುವ ಬೆಂಗಳೂರಿನ ಮಕ್ಕಳಿಗೆ ನಮಸ್ಕಾರ.

ನಿಮಗೆಲ್ಲ ಒಟ್ಟಿಗೆ ಬರೆಯಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ನಮ್ಮ ಮೂರು ತಾಲೂಕುಗಳ ಸೊಸೈಟಿ, ಶಾಲೆ, ಡಿಟಿಪಿ ಸೆಂಟರ್, ಕ್ಸೆರಾಕ್ಸ್ ಅಂಗಡಿಗಳಲ್ಲಿ ಈ ಪರೀಕ್ಷೆ ದಾಟದ ಯಂತ್ರಗಳು ಎಷ್ಟಿವೆಯೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪ್ರೊಸೆಸರ್ ಗಟ್ಟಿಯಾಗಿದೆ, ಒಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಐದಾರು ವರ್ಷ ಓಡುತ್ತದೆ, ಆದರೆ ಹೊಸ ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಅಂಥ ಯಂತ್ರವನ್ನು ಗುಜರಿಗೆ ಹೋಗಲು ಬಿಡದೆ ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಹಾಕಿ ಬಡವರ ಮನೆಯ ಮಕ್ಕಳಿಗೂ ಹಳ್ಳಿಯ ಶಾಲೆಗಳಿಗೂ ಉಳಿಸಿಕೊಡುತ್ತಿರುವವರು ನೀವು. ಈ ಕೆಲಸದ ಬೆಲೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ: ಇದು ದೊಡ್ಡ ಕೆಲಸ.

ನನ್ನ ಮಾತು ಲಿನಕ್ಸ್ ಹಾಕಿದ ಮೇಲಿನ ಅರ್ಧ ಗಂಟೆಯ ಬಗ್ಗೆ. ಡೆಸ್ಕ್‌ಟಾಪ್ ಬಂತು, ವೈಫೈ ಹಿಡಿಯಿತು. ಆಮೇಲೆ ಗಿರಾಕಿ ಕೇಳುತ್ತಾರೆ, ಪ್ರಿಂಟರ್ ಆಗಬೇಕು, ಕನ್ನಡ ಟೈಪ್ ಆಗಬೇಕು, ಕ್ರೋಮ್ ಬೇಕು, ಝೂಮ್ ಬೇಕು, ಮಗನಿಗೆ ಪೈಥಾನ್ ಬೇಕು. ಆಗ ನೀವು ಗೂಗಲ್ ಮಾಡುತ್ತೀರಿ. ಮೊದಲು ಸಿಕ್ಕ ಪುಟದಲ್ಲಿರುವ ಸುಡೊ ಸಾಲನ್ನು ಟರ್ಮಿನಲ್ಲಿಗೆ ಅಂಟಿಸಿ ಪಾಸ್‌ವರ್ಡ್ ಕೊಡುತ್ತೀರಿ. ಕೆಲಸ ಆಗುತ್ತದೆ, ಗಿರಾಕಿ ಹೋಗುತ್ತಾರೆ. ಎಂಟು ತಿಂಗಳ ನಂತರ ಅಪ್‌ಡೇಟು ನಿಂತುಹೋಗಿ, ಪರದೆಯ ಮೇಲೆ ಕೆಂಪು ಅಕ್ಷರ ಬಂದು, ಯಂತ್ರ ಇನ್ನೊಬ್ಬರ ಮೇಜಿಗೆ ಬರುತ್ತದೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಇದನ್ ಯಾರ್ ಹಾಕಿದ್ ಮಾರಾಯ್ರೆ?" ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ.

ನಾನು ಕೇಳಿಕೊಳ್ಳುವುದು ಇಷ್ಟೆ. ಡಿಸ್ಟ್ರೋದ ಹೊರಗಿನಿಂದ ಏನನ್ನು ತಂದು ಹಾಕಿದರೂ ಅದು ಎಲ್ಲಿಂದ ಬಂತು, ಮುಂದೆ ಅದರ ಅಪ್‌ಡೇಟು ಯಾರ ಹೊಣೆ ಎಂದು ತಿಳಿದು ಹಾಕಿ, ಹಾಕಿದ್ದನ್ನು ಬರೆದಿಟ್ಟು ಹೋಗಿ.

ಒಳಗಿನದು, ಹೊರಗಿನದು ಎಂಬ ಗೆರೆ ಲಿನಕ್ಸ್ ಸೇರಿದ ಯುನಿಕ್ಸ್ ಕುಟುಂಬದ ವ್ಯವಸ್ಥೆಗಳಲ್ಲಿ ಹಳೆಯದು. ಅದೇ ಕುಟುಂಬದ ಫ್ರೀಬಿಎಸ್‌ಡಿಯವರು ಅದನ್ನು ತುಂಬ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಅಲ್ಲಿ ಮೂಲ ವ್ಯವಸ್ಥೆ ಒಂದು ಕಡೆ. 1994ರಲ್ಲಿ ಶುರುವಾದ ಪೋರ್ಟ್ಸ್ ಸಂಗ್ರಹದಿಂದ ಬರುವ ಎಲ್ಲ ಹೊರಗಿನ ಸಾಫ್ಟ್‌ವೇರ್ ಯುಎಸ್‌ಆರ್ ಫೋಲ್ಡರಿನೊಳಗಿನ ಲೋಕಲ್ ಎಂಬ ಜಾಗಕ್ಕೇ ಹೋಗಬೇಕು. ಆ ಒಂದು ಫೋಲ್ಡರ್ ತೆರೆದರೆ ಯಂತ್ರಕ್ಕೆ ಹೊರಗಿನಿಂದ ಬಂದದ್ದೆಲ್ಲ ಕಣ್ಣೆದುರು ಇರುತ್ತದೆ. ಲಿನಕ್ಸ್ ಡಿಸ್ಟ್ರೋಗಳು ಹಿಡಿದ ದಾರಿ ಬೇರೆ. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್, ಬ್ರೌಸರಿನಿಂದ ಹಿಡಿದು ಆಟದವರೆಗೆ ಎಲ್ಲವನ್ನೂ ತನ್ನದೇ ಭಂಡಾರದಲ್ಲಿ ಪ್ಯಾಕೇಜ್ ಮಾಡಿ ಇಡುತ್ತದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇಂಥ ಪ್ಯಾಕೇಜುಗಳು 69 ಸಾವಿರಕ್ಕೂ ಹೆಚ್ಚು. ಉಬುಂಟು ನಿಂತಿರುವುದು ಡೆಬಿಯನ್ ಮೇಲೆ, ಮಿಂಟ್ ನಿಂತಿರುವುದು ಉಬುಂಟು ಮೇಲೆ. ಆದ್ದರಿಂದ ಅಂಗಡಿಯಲ್ಲಿ ನೀವು ಯಾವುದನ್ನೇ ಹಾಕಿದರೂ ಬೇರು ಅಲ್ಲೇ ಇದೆ.

ಆ ಭಂಡಾರದಿಂದ ಬರುವ ಪ್ಯಾಕೇಜಿಗೆ ಒಬ್ಬ ನೋಡಿಕೊಳ್ಳುವವರಿರುತ್ತಾರೆ. ದೋಷ ಕಂಡರೆ ತಿಳಿಸಲು ಜಾಗವಿದೆ. ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯಲ್ಲಿ ಪ್ರತಿ ಫೈಲಿನ ಹ್ಯಾಷ್ ಇರುತ್ತದೆ. ನಡುವೆ ಯಾರಾದರೂ ಒಂದಕ್ಷರ ಬದಲಿಸಿದರೂ ಪ್ಯಾಕೇಜು ತಂದು ಹಾಕುವ ಎಪಿಟಿ ಅದನ್ನು ಬೇಡವೆನ್ನುತ್ತದೆ. ಗಂಗೊಳ್ಳಿಯ ಮೀನು ಕೊಳ್ಳುವಾಗ ನಾವು ಕಿವಿರು ಎತ್ತಿ ನೋಡುತ್ತೇವೆ, ಯಾವ ಬೋಟಿನದು, ಯಾವತ್ತಿನದು ಎಂದು ಕೇಳುತ್ತೇವೆ. ಕಂಪ್ಯೂಟರಿಗೆ ತರುವ ಸಾಫ್ಟ್‌ವೇರಿಗೂ ಅಷ್ಟು ವಿಚಾರಣೆ ಆಗಲೇಬೇಕು. ಭಂಡಾರದಿಂದ ತಂದರೆ ಆ ವಿಚಾರಣೆಯನ್ನು ನಿಮ್ಮ ಪರವಾಗಿ ಬೇರೆಯವರು ಮಾಡಿಯೇ ಇಟ್ಟಿರುತ್ತಾರೆ.

ಹೊರಗಿನಿಂದ ತರುವಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಪಿಎ ಎಂಬ ಹೊರಗಿನ ಭಂಡಾರವೊಂದನ್ನು ಸೇರಿಸಿದಿರಿ ಎನ್ನಿ. ನಿಮಗೆ ಬೇಕಾದದ್ದು ಒಂದೇ ಪ್ರೋಗ್ರಾಂ. ಆದರೆ ಆ ಪಿಪಿಎ ನಡೆಸುವವರು ಮುಂದೆ ಅದೇ ಭಂಡಾರದಲ್ಲಿ ಬೇರೆ ಯಾವ ಪ್ಯಾಕೇಜನ್ನಾದರೂ ಹೆಚ್ಚಿನ ಆವೃತ್ತಿ ಸಂಖ್ಯೆಯಲ್ಲಿ ಇಟ್ಟರೆ, ಯಂತ್ರ ಮುಂದಿನ ಅಪ್‌ಡೇಟಿನಲ್ಲಿ ಅದನ್ನೂ ಕೇಳದೆ ತೆಗೆದುಕೊಳ್ಳುತ್ತದೆ. ಡೆಬ್ ಫೈಲಿನೊಳಗೆ ಸ್ಥಾಪನೆಯ ಹೊತ್ತಿಗೆ ನಡೆಯುವ ಸ್ಕ್ರಿಪ್ಟುಗಳಿರುತ್ತವೆ, ಅವು ರೂಟ್ ಅಧಿಕಾರದಲ್ಲಿ ನಡೆಯುತ್ತವೆ. ಇನ್ನು ಕರ್ಲ್‌ನಿಂದ ಒಂದು ಸ್ಕ್ರಿಪ್ಟ್ ಎಳೆದು ನೇರ ಸುಡೊ ಬ್ಯಾಷಿಗೆ ಕೊಡುವ ಸಾಲಿದೆಯಲ್ಲ, ಅದರಲ್ಲಿ ಓದುವ ಅವಕಾಶವೂ ಇಲ್ಲ. ಆ ಕ್ಷಣ ಆ ಸರ್ವರ್ ಏನು ಕೊಡುತ್ತದೋ ಅದು ಓಡಿಬಿಡುತ್ತದೆ. ಸ್ಕ್ರಿಪ್ಟನ್ನು ಮೊದಲು ಇಳಿಸಿ, ತೆರೆದು, ಎಲ್ಲಿ ಏನು ಬರೆಯುತ್ತದೆ ಎಂದು ಕಣ್ಣಾಡಿಸಿ ಆಮೇಲೆ ಓಡಿಸಲು ಐದು ನಿಮಿಷ ಸಾಕು.

ಇದು ಕಲ್ಪನೆಯ ಭಯವಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿದವರು ಮಿಂಟ್ 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಬದಲಿಸಿ, ಹಿಂಬಾಗಿಲಿದ್ದ ಐಎಸ್‌ಒ ಫೈಲನ್ನು ಜನರ ಕೈಗೆ ಕೊಟ್ಟರು.  ನೀವು ಪೆನ್‌ಡ್ರೈವಿಗೆ ಐಎಸ್‌ಒ ಬರೆಯುವ ಮುನ್ನ ಅದರ ಎಸ್‌ಎಚ್‌ಎ256 ಮೊತ್ತವನ್ನೂ ಅದರ ಮೇಲಿನ ಸಹಿಯನ್ನೂ ಹೋಲಿಸಿ ನೋಡುತ್ತೀರಾ? ಒಮ್ಮೆ ನೋಡಿದ ಐಎಸ್‌ಒ ನೂರು ಯಂತ್ರಕ್ಕೆ ಆಗುತ್ತದೆ. ಹಾಗಾಗಿ ಆ ಎರಡು ನಿಮಿಷ ವ್ಯರ್ಥವಲ್ಲ.

2018ರ ಮೇ ತಿಂಗಳಲ್ಲಿ ಉಬುಂಟುವಿನ ಸ್ನ್ಯಾಪ್ ಅಂಗಡಿಯಲ್ಲೇ 2048 ಆಟದ ಒಂದು ಸ್ನ್ಯಾಪಿನೊಳಗೆ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ತುಣುಕು ಅಡಗಿದ್ದದ್ದು ಸಿಕ್ಕಿತು. ಅಂಗಡಿಯ ಹೆಸರು ದೊಡ್ಡದು, ಆದರೆ ಒಳಗಿನ ಮಾಲು ಹಾಕಿದವರು ಯಾರೋ ಅಪರಿಚಿತರು. ಸ್ನ್ಯಾಪ್ ಆಗಲಿ ಫ್ಲ್ಯಾಟ್‌ಪ್ಯಾಕ್ ಆಗಲಿ ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಹೆಚ್ಚಾಗಿ ಸ್ಯಾಂಡ್‌ಬಾಕ್ಸ್‌ನ ಬೇಲಿಯೊಳಗೆ ಓಡುವ ಅವು ಸಿಕ್ಕಸಿಕ್ಕ ಡೆಬ್ ಫೈಲಿಗಿಂತ ಎಷ್ಟೋ ವಾಸಿ. ಆದರೆ ಪ್ರಕಾಶಕರ ಹೆಸರನ್ನು ಓದಿ. ಆ ಪ್ರೋಗ್ರಾಂ ಮಾಡಿದವರೇ ಅದನ್ನು ಅಲ್ಲಿಟ್ಟಿದ್ದಾರೋ, ಬೇರೆ ಯಾರೋ ಕಟ್ಟಿ ಇಟ್ಟಿದ್ದಾರೋ ಎಂದು ಫ್ಲ್ಯಾಟ್‌ಹಬ್‌ನಲ್ಲಿಯೂ ಸ್ನ್ಯಾಪ್ ಅಂಗಡಿಯಲ್ಲಿಯೂ ಗುರುತು ಇರುತ್ತದೆ. ಮಿಂಟ್‌ನವರು 2020ರ ಮಿಂಟ್ 20ರಿಂದ ಸ್ನ್ಯಾಪನ್ನು ಮೊದಲಿಗೆ ತಡೆದೇ ಇಟ್ಟಿದ್ದಾರೆ. ಗಿರಾಕಿಗೆ ಬೇಕೆಂದು ಆ ತಡೆ ತೆಗೆದಿರಾದರೆ ಅದನ್ನೂ ಬರೆದಿಡಬೇಕು.

ಭಂಡಾರದಿಂದ ಬಂದದ್ದೆಲ್ಲ ನಿಶ್ಚಿಂತೆ ಎಂದೂ ತಿಳಿಯಬೇಡಿ. 2024ರ ಮಾರ್ಚ್ ಕೊನೆಗೆ ಎಕ್ಸ್‌ಝಡ್ ಎಂಬ ಪುಟ್ಟ ಸಂಕೋಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದು ಬಯಲಾಯಿತು. ತನ್ನ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅದನ್ನು ಹಿಡಿದರು. ವರ್ಷಗಟ್ಟಲೆ ಸಹಾಯಕರಂತೆ ಕೆಲಸ ಮಾಡಿ ನಂಬಿಕೆ ಗಳಿಸಿದವರೇ ಅದನ್ನು ಒಳಗೆ ಸೇರಿಸಿದ್ದರು. ಇಷ್ಟಾದರೂ ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ಬರಲಿಲ್ಲ; ಪರೀಕ್ಷೆಯ ಹಂತದ ಆವೃತ್ತಿಗಳಲ್ಲೇ ಸಿಕ್ಕಿಬಿತ್ತು. ಹೊಸತು ಬಂದ ದಿನವೇ ಬೇಕೆಂದು ಓಡದೆ ಎಲ್‌ಟಿಎಸ್ ಅಥವಾ ಸ್ಥಿರ ಆವೃತ್ತಿಯಲ್ಲಿ ನಿಲ್ಲುವುದರ ಲಾಭ ಇದು. ಸೊಸೈಟಿಯ ಕೌಂಟರಿನ ಯಂತ್ರಕ್ಕೆ ತೀರ ಹೊಸ ಆವೃತ್ತಿ ಯಾಕೆ ಬೇಕು? 2024ರ ಏಪ್ರಿಲಿನ ಉಬುಂಟು 24.04ಕ್ಕೆ ಐದು ವರ್ಷದ ಬೆಂಬಲವಿದೆ, ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೂ 2029ರವರೆಗೆ ಇದೆ. ಅಷ್ಟು ಸಾಕು.

ಈಗ ನಮ್ಮೂರಿನ ಪ್ರಿಂಟರಿಗೆ ಬರುತ್ತೇನೆ, ಯಾಕೆಂದರೆ ಹೊರಗಿನ ಸಾಫ್ಟ್‌ವೇರ್ ತರಲೇಬೇಕಾದ ಪ್ರಸಂಗ ಹೆಚ್ಚಾಗಿ ಬರುವುದು ಅಲ್ಲೇ. ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ಎಷ್ಟೋ ಮೇಜುಗಳ ಮೇಲಿದೆ. ಅದಕ್ಕೆ ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ ಕಳಿಸಬೇಕು. ಅದರ ಡ್ರೈವರ್ ಎಚ್‌ಪ್ಲಿಪ್ ಡಿಸ್ಟ್ರೋದಲ್ಲೇ ಇದೆ, ಆದರೆ ಅದರ ಪ್ಲಗಿನ್ ಕಂಪನಿಯಿಂದ ಪ್ರತ್ಯೇಕ ಇಳಿಯುತ್ತದೆ, ಎಚ್‌ಪ್ಲಿಪ್‌ನ ಆವೃತ್ತಿಗೂ ಪ್ಲಗಿನ್ನಿನ ಆವೃತ್ತಿಗೂ ತಾಳೆಯಾಗಬೇಕು. ಅಪ್‌ಡೇಟಿನಲ್ಲಿ ಎಚ್‌ಪ್ಲಿಪ್ ಮುಂದೆ ಹೋಗಿ ಪ್ಲಗಿನ್ ಹಿಂದೆ ಉಳಿದರೆ ಪ್ರಿಂಟರ್ ಸುಮ್ಮನಾಗುತ್ತದೆ. ಕಾರಣ ಗೊತ್ತಿದ್ದವರಿಗೆ ಎರಡು ನಿಮಿಷದ ಕೆಲಸ; ಗೊತ್ತಿಲ್ಲದವರು ಪ್ರಿಂಟರೇ ಹೋಯಿತೆಂದು ಹೊಸದು ತರುತ್ತಾರೆ. ಕ್ಯಾನನ್ ಎಲ್‌ಬಿಪಿ 2900ದ್ದು ಇನ್ನೊಂದು ರೀತಿ. ಕಂಪನಿಯ ಡ್ರೈವರ್ ಡಿಸ್ಟ್ರೋದ ಭಂಡಾರದಲ್ಲಿ ಇಲ್ಲ. ಅದನ್ನು ಹೊರಗಿನಿಂದಲೇ ತರಬೇಕು. ಅದರ ಹಿನ್ನೆಲೆ ಸೇವೆ ಬೂಟ್ ಆದಾಗ ಏಳಬೇಕು, 32 ಬಿಟ್‌ನ ಹಳೆ ಲೈಬ್ರರಿಗಳೂ ಬೇಕಾಗುತ್ತವೆ. ಇದನ್ನು ಯಾರು ಸರಿಮಾಡಿದರೂ ಹೊರಗಿನ ಯಾವ ಪ್ಯಾಕೇಜು ತಂದೆ, ಯಾವ ಸೇವೆ ಏಳಿಸಿದೆ ಎಂದು ಒಂದು ಸಾಲು ಬರೆದಿಟ್ಟರೆ ಮುಂದಿನವರ ಅರ್ಧ ದಿನ ಉಳಿಯುತ್ತದೆ. ಗಿರಾಕಿ ಹೊಸ ಪ್ರಿಂಟರ್ ಕೊಳ್ಳುವವರಿದ್ದರೆ ಡ್ರೈವರಿಲ್ಲದೆ ನಡೆಯುವ ಐಪಿಪಿ ಮಾದರಿಯದನ್ನೇ ಕೊಳ್ಳಲು ಹೇಳಿ. ಇಷ್ಟು ಸಲಹೆ ಕೊಡುವ ಹಕ್ಕೂ ಹೊಣೆಯೂ ನಿಮಗಿದೆ.

ಕನ್ನಡದ ವಿಷಯಕ್ಕೆ ಹೊರಗೆ ಹುಡುಕಬೇಕಾದದ್ದು ಬಹಳ ಕಡಿಮೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲದಿರುವುದೇ ನನ್ನ ಬೇಸರ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ, ನೋಟೊ ಕೂಡ ಇದೆ. ಐಬಸ್ ಎಂ17ಎನ್ ಹಾಕಿದರೆ ಇನ್‌ಸ್ಕ್ರಿಪ್ಟೂ ಸಿಗುತ್ತದೆ, ಕೆಜಿಪಿ ವಿನ್ಯಾಸವೂ ಸಿಗುತ್ತದೆ. ನಮ್ಮ ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಅದರ ಮೂಲ. ನುಡಿಯಲ್ಲಿ ಟೈಪ್ ಮಾಡಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಹಳೆಯ ಕಾಗದ ಸ್ಕ್ಯಾನ್ ಮಾಡಿ ಓದಿಸುವ ಟೆಸರ್ಯಾಕ್ಟಿಗೂ ಕನ್ನಡದ ದತ್ತಾಂಶ ಪ್ಯಾಕೇಜಾಗಿ ಇದೆ. ಇಷ್ಟೆಲ್ಲ ಒಂದೇ ಆಜ್ಞೆಯಲ್ಲಿ ಬರುವಾಗ, ಯಾವುದೋ ಫಾಂಟ್ ತಾಣದಿಂದ ಜಾಹೀರಾತುಗಳ ನಡುವೆ ಜಿಪ್ ಫೈಲ್ ಇಳಿಸಿ ಗಿರಾಕಿಯ ಯಂತ್ರಕ್ಕೆ ತುರುಕುವ ಅಗತ್ಯವೇನಿದೆ?

ಡಿಟಿಪಿಯವರ ಕಷ್ಟ ಮಾತ್ರ ನಿಜವಾದದ್ದು. ನುಡಿ, ಬರಹ ಎರಡೂ ವಿಂಡೋಸ್‌ಗಾಗಿ ಹುಟ್ಟಿದವು. ಹದಿನೈದು-ಇಪ್ಪತ್ತು ವರ್ಷ ಹಳೆಯ ಮದುವೆ ಕಾಗದ, ಮೇಳದ ಕರಪತ್ರ, ಬ್ರಹ್ಮಕಲಶದ ಆಮಂತ್ರಣಗಳು ಆಸ್ಕಿ ಫಾಂಟಿನಲ್ಲಿ ಕೂತಿವೆ. ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಥ ಫೈಲುಗಳನ್ನು ಪರಿವರ್ತಕದಲ್ಲಿ ಒಮ್ಮೆ ಯುನಿಕೋಡಿಗೆ ತಂದುಬಿಡುವುದೇ ಶಾಶ್ವತ ಪರಿಹಾರ, ಹಳೆ ಫಾಂಟನ್ನು ಎಲ್ಲಿಂದಲೋ ತಂದು ಹಾಕುತ್ತ ಹೋಗುವುದಲ್ಲ. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಅದರ 1.4ರ ಸರಣಿಯಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಿರಲಿಲ್ಲ, 2017ರ 1.5.3ರಿಂದ ಕೂಡತೊಡಗಿತು, 1.6 ಸ್ಥಿರ ಆವೃತ್ತಿಯಾಗಿ 2024ರ ಜನವರಿಯಲ್ಲಿ ಬಂತು. ಆ ನಡುವಿನ ವರ್ಷಗಳಲ್ಲಿ ಡಿಸ್ಟ್ರೋದ ಭಂಡಾರದಲ್ಲಿ 1.4 ಮಾತ್ರ ಇದ್ದಾಗ ಸ್ಕ್ರೈಬಸ್ ತಂಡದ್ದೇ ಪಿಪಿಎಯಿಂದ ಹೊಸತನ್ನು ತಂದವರು ಸರಿಯಾದ ಕೆಲಸವನ್ನೇ ಮಾಡಿದರು. ಹೊರಗಿನಿಂದ ತರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ: ಒಳಗಿನದರಲ್ಲಿ ಕನ್ನಡ ಕೂಡುತ್ತಿರಲಿಲ್ಲ, ತಂದದ್ದು ಅದನ್ನು ಮಾಡಿದವರ ಕೈಯಿಂದಲೇ. ಆದರೆ ಡಿಸ್ಟ್ರೋದ ಭಂಡಾರಕ್ಕೇ ಹೊಸತು ಬಂದ ಮೇಲೂ ಆ ಹಳೆ ಪಿಪಿಎ ಹಾಗೆಯೇ ಉಳಿದುಬಿಡುತ್ತದೆ. ಉಬುಂಟು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಏರುವಾಗ ಹೊರಗಿನ ಭಂಡಾರಗಳನ್ನು ತಾನೇ ಆರಿಸಿಡುತ್ತದೆ. ಅವುಗಳಿಂದ ಬಂದ ಪ್ಯಾಕೇಜುಗಳು ಮಾತ್ರ ಅನಾಥವಾಗಿ ಉಳಿಯುತ್ತವೆ, ಅವಕ್ಕೆ ಇನ್ನು ಯಾರೂ ಅಪ್‌ಡೇಟು ಕೊಡುವುದಿಲ್ಲ. ಮಿಂಟ್‌ನ ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ಮೇಂಟೆನೆನ್ಸ್ ಎಂಬ ಪುಟವಿದೆ. ಇಂಥ ಪರಕೀಯ ಪ್ಯಾಕೇಜುಗಳನ್ನು ಅದು ಪಟ್ಟಿ ಮಾಡಿ ತೋರಿಸುತ್ತದೆ, ಹಿಂದಿನ ಆವೃತ್ತಿಗೆ ಇಳಿಸುತ್ತದೆ ಅಥವಾ ತೆಗೆಯುತ್ತದೆ. ಸರ್ವೀಸಿಗೆ ಬಂದ ಯಂತ್ರದಲ್ಲಿ ಮೊದಲು ಆ ಪುಟ ತೆರೆಯಿರಿ.

ಹೊರಗಿನ ಭಂಡಾರದ ಸಹಿ ಕೀಲಿಯ ಬಗ್ಗೆ ಒಂದು ಮಾತು. ಹಳೆಯ ಪುಟಗಳು ಇನ್ನೂ ಎಪಿಟಿ-ಕೀ ಎಂಬ ಆಜ್ಞೆಯನ್ನೇ ಹೇಳುತ್ತವೆ. ಆ ದಾರಿಯಲ್ಲಿ ಸೇರಿಸಿದ ಕೀಲಿಯನ್ನು ಯಂತ್ರ ಎಲ್ಲ ಭಂಡಾರಗಳಿಗೂ ನಂಬಿಬಿಡುತ್ತದೆ. ಅದಕ್ಕೇ ಅದನ್ನು ಕೈಬಿಟ್ಟರು. ಈಗಿನ ಕ್ರಮದಲ್ಲಿ ಕೀಲಿಯನ್ನು ಪ್ರತ್ಯೇಕ ಫೈಲಿನಲ್ಲಿಟ್ಟು, ಇಂಥ ಭಂಡಾರಕ್ಕೆ ಇಂಥ ಕೀಲಿ ಎಂದು ಸೈನ್ಡ್-ಬೈ ಸಾಲಿನಲ್ಲಿ ಕಟ್ಟಿಹಾಕುತ್ತಾರೆ. ಎಪಿಟಿ-ಕೀ ಹೇಳುವ ಪುಟ ಕಂಡರೆ ಅದು ಹಳತು, ಅದರ ಉಳಿದ ಸಾಲುಗಳನ್ನೂ ನಂಬಬೇಡಿ.

ಕಾಲೇಜಿನ ಮಕ್ಕಳೇ, ನಿಮಗೆ. ಭಂಡಾರ್‌ಕಾರ್ಸ್ ಇರಲಿ, ಮೂಡ್ಲಕಟ್ಟೆ ಇರಲಿ, ಬೈಂದೂರಿನ ಸರ್ಕಾರಿ ಕಾಲೇಜಿರಲಿ, ಪೈಥಾನ್ ಕಲಿಯುವಾಗ ಪಿಪ್ ಇನ್‌ಸ್ಟಾಲ್ ಎಂದು ಹೊಡೆದ ಕೂಡಲೇ ಈ ವಾತಾವರಣ ಹೊರಗಿನಿಂದ ನಿರ್ವಹಿಸಲ್ಪಡುತ್ತಿದೆ ಎಂಬ ಅರ್ಥದ ದೋಷಸಂದೇಶ ಬರುತ್ತದೆ. 2023ರ ಡೆಬಿಯನ್ 12ರಿಂದ ಅದು ಹಾಗೆಯೇ ಇದೆ. ಸಿಸ್ಟಮ್ಮಿನ ಎಷ್ಟೋ ಸಾಧನಗಳು ಪೈಥಾನಿನಲ್ಲೇ ಬರೆದವು. ಪಿಪ್ ಅವುಗಳ ಕೆಳಗಿನ ಲೈಬ್ರರಿಯನ್ನು ಬದಲಿಸಿದರೆ ಡೆಸ್ಕ್‌ಟಾಪೇ ಮುರಿಯಬಹುದು. ಅದಕ್ಕೆ ಆ ತಡೆ. ಆ ಸಂದೇಶ ಬಂದಾಗ ನಿಮ್ಮಲ್ಲಿ ಹಲವರು ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಎಂಬ ಆಯ್ಕೆ ಸೇರಿಸಿ ಮುಂದೆ ಹೋಗುತ್ತೀರಿ. ಹೆಸರಿನಲ್ಲೇ ಎಚ್ಚರಿಕೆ ಬರೆದಿರುವ ಆಯ್ಕೆ ಅದು. ಪ್ರತಿ ಪ್ರಾಜೆಕ್ಟಿಗೆ ವೀಎನ್ವ್ ಎಂಬ ಪ್ರತ್ಯೇಕ ಪೈಥಾನ್ ವಾತಾವರಣ ಮಾಡಿಕೊಳ್ಳಿ. ಪ್ರಾಜೆಕ್ಟ್ ಮುಗಿದರೆ ಆ ಫೋಲ್ಡರ್ ಅಳಿಸಿದರಾಯಿತು, ಯಂತ್ರಕ್ಕೆ ಏನೂ ಆಗುವುದಿಲ್ಲ. ಸ್ವಂತ ಬಳಕೆಯ ಸಾಧನ ಬೇಕಾದರೆ ಪಿಪೆಕ್ಸ್ ಇದೆ. ಲ್ಯಾಬಿನ ಯಂತ್ರ ನಿಮ್ಮ ನಂತರದ ಬ್ಯಾಚಿನದೂ ಹೌದು.

ಸೋರ್ಸ್ ಇಳಿಸಿ ಮೇಕ್ ಇನ್‌ಸ್ಟಾಲ್ ಮಾಡುವವರಿಗೂ ಇದೇ ಮಾತು. ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ, ಖಂಡಿತ ಮಾಡಿ. ಆದರೆ ಹಾಗೆ ಹಾಕಿದ್ದು ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಗೆ ಗೊತ್ತಾಗುವುದಿಲ್ಲ. ಹಾಗೆ ಬಂದ ಯಾವುದೇ ಫೈಲು ತೋರಿಸಿ ಇದು ಯಾವ ಪ್ಯಾಕೇಜಿನದು ಎಂದು ಕೇಳಿದರೆ ಅದು ಕೈಚೆಲ್ಲುತ್ತದೆ. ಸ್ಟೋ ಅಥವಾ ಚೆಕ್‌ಇನ್‌ಸ್ಟಾಲ್ ಬಳಸಿ ಯುಎಸ್‌ಆರ್ ಲೋಕಲ್‌ನೊಳಗೇ ಇಟ್ಟರೆ ಹಾಕಿದ್ದನ್ನು ಅದೇ ಕೈಯಲ್ಲಿ ತೆಗೆಯಬಹುದು.

ಘಟ್ಟದ ಬುಡದ ಶಾಲೆಗಳವರು ಕೇಳುವ ಪ್ರಶ್ನೆ ಬೇರೆ. ಕೊಲ್ಲೂರು, ಹಳ್ಳಿಹೊಳೆ, ಅಮಾಸೆಬೈಲು ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಭಂಡಾರದಿಂದಲೇ ತನ್ನಿ ಎಂದರೆ ನೆಟ್ ಎಲ್ಲಿದೆ? ಹತ್ತು ಯಂತ್ರದ ಲ್ಯಾಬಿನಲ್ಲಿ ಒಂದೇ ಅಪ್‌ಡೇಟನ್ನು ಹತ್ತು ಸಲ ಇಳಿಸುವುದು ಅನ್ಯಾಯ. ಒಂದು ಯಂತ್ರದಲ್ಲಿ ಎಪಿಟಿ-ಕ್ಯಾಷರ್-ಎನ್‌ಜಿ ಹಾಕಿ, ಉಳಿದವುಗಳಿಗೆ ಅದರ 3142ನೇ ಪೋರ್ಟಿನ ದಾರಿ ತೋರಿಸಿ. ಮೊದಲ ಯಂತ್ರ ಇಳಿಸಿದ್ದು ಅಲ್ಲೇ ಉಳಿಯುತ್ತದೆ, ಉಳಿದ ಒಂಬತ್ತಕ್ಕೆ ಲ್ಯಾಬಿನ ತಂತಿಯಲ್ಲೇ ಸಿಗುತ್ತದೆ. ನೆಟ್ಟೇ ಇಲ್ಲದ ಕಡೆಗೆ ಎಪಿಟಿ-ಆಫ್‌ಲೈನ್ ಇದೆ: ಬೇಕಾದವುಗಳ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಪೇಟೆಗೆ ತಂದು, ಇಲ್ಲಿ ಇಳಿಸಿ, ಅಲ್ಲಿಗೆ ಒಯ್ದು ಹಾಕಬಹುದು. ಸಹಿಯ ಪರಿಶೀಲನೆ ಅಲ್ಲಿಯೂ ನಡೆಯುತ್ತದೆ. ಅಂಗಡಿಯವರು ಸುತ್ತಲಿನ ನಾಲ್ಕು ಶಾಲೆಗಳಿಗೆ ತಿಂಗಳಿಗೊಮ್ಮೆ ಇದನ್ನು ಮಾಡಿಕೊಟ್ಟರೆ, ಅದಕ್ಕೆ ಶಾಲೆ ನ್ಯಾಯವಾದ ಹಣ ಕೊಡಲಿ. ಇದನ್ನು ಪುಕ್ಕಟೆ ಮಾಡಬೇಕೆಂದು ನಾನು ಹೇಳಲಾರೆ.

ಶಾಲೆಗಳಿಗೆಲ್ಲ ಒಂದೇ ಮೂಲದಿಂದ ಲಿನಕ್ಸ್ ಕೊಡುವುದನ್ನು ಚೆನ್ನಾಗಿ ನಡೆಸಿಕೊಂಡು ಬಂದ ಉದಾಹರಣೆ ನೂರೈವತ್ತು ಕಿಲೋಮೀಟರಿನೊಳಗೇ ಇದೆ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಕಂಪನಿಯಾದ ಸಂಸ್ಥೆ, ಶಾಲೆಗಳಿಗೆಂದೇ ಉಬುಂಟು ಆಧಾರಿತ ತನ್ನದೊಂದು ಜಿಎನ್‌ಯು/ಲಿನಕ್ಸ್ ಆವೃತ್ತಿಯನ್ನು ಸಿದ್ಧಮಾಡಿ ಕೊಡುತ್ತದೆ. ಪಾಠಕ್ಕೆ ಬೇಕಾದ ಸಾಫ್ಟ್‌ವೇರ್ ಅದರೊಳಗೇ ಇರುತ್ತದೆ. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯಲ್ಲಿ ಕಲಿಯುತ್ತಾರೆ. ತಿರುವನಂತಪುರದ ಶಾಲೆಯ ಯಂತ್ರಕ್ಕೂ ಉಪ್ಪಳದ ಶಾಲೆಯ ಯಂತ್ರಕ್ಕೂ ಮೂಲ ಒಂದೇ. ಒಂದು ಕಡೆ ಸರಿಮಾಡಿದ್ದು ಎಲ್ಲ ಕಡೆಗೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿಯೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಕರಿಗಾಗಿ ಕಲ್ಪವೃಕ್ಷ ಎಂಬ ಉಬುಂಟು ಆಧಾರಿತ ಆವೃತ್ತಿಯನ್ನು ಮಾಡಿತ್ತು. ಬೀಜ ಇಲ್ಲಿಯೂ ಇತ್ತು, ಶಿಕ್ಷಣ ಇಲಾಖೆ ಅದನ್ನು ತನ್ನದೆಂದು ಹಿಡಿದು ಬೆಳೆಸಬೇಕಿತ್ತು. ಇಲಾಖೆಯವರು ಈ ಪತ್ರ ಓದಿದರೆ ಅವರಿಗೂ ಒಂದು ಬೇಡಿಕೆ: ಸಾರ್ವಜನಿಕರ ದುಡ್ಡಿನಲ್ಲಿ ಆಗುವ ಯಾವುದೇ ಕನ್ನಡ ತಂತ್ರಾಂಶವನ್ನು ಸೋರ್ಸ್ ಸಮೇತ, ಸಹಿ ಹಾಕಿದ ಭಂಡಾರದಲ್ಲಿ, ಡೆಬ್ ಪ್ಯಾಕೇಜಾಗಿಯೂ ಕೊಡಿ. ತಾಣದಲ್ಲಿ ಒಂದು ಜಿಪ್ ಫೈಲ್ ಇಟ್ಟು ಬಿಟ್ಟರೆ ಅದರ ಅಪ್‌ಡೇಟು ಯಾವ ಹಳ್ಳಿಯ ಶಾಲೆಗೂ ತಲುಪುವುದಿಲ್ಲ.

ರಜೆಗೆ ಬರುವ ಮಕ್ಕಳಿಗೆ ಕೊನೆಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಪಂಚಗಂಗಾ ರೈಲಿನಲ್ಲಿ ಬೆಳಿಗ್ಗೆ ಬಂದಿಳಿದು, ಎರಡು ದಿನದಲ್ಲಿ ಅಪ್ಪನ ಅಂಗಡಿಯ ಕಂಪ್ಯೂಟರಿಗೆ ಡಾಕರ್, ಮೂರು ಪಿಪಿಎ, ಗಿಟ್‌ಹಬ್‌ನಿಂದ ನಾಲ್ಕು ಆಪ್‌ಇಮೇಜ್ ಹಾಕಿ ಭಾನುವಾರ ರಾತ್ರಿಯ ಬಸ್ಸು ಹತ್ತುತ್ತೀರಿ. ನಿಮ್ಮ ಆಫೀಸಿನಲ್ಲಿ ಹೀಗೆ ಮಾಡಿದರೆ ಒಪ್ಪುತ್ತಾರೆಯೇ? ಅಲ್ಲಿ ಪ್ರತಿ ಬದಲಾವಣೆಗೂ ಟಿಕೆಟ್ ಇದೆ, ದಾಖಲೆ ಇದೆ. ಅಪ್ಪನ ಕಂಪ್ಯೂಟರಿಗೂ ಅದೇ ಮರ್ಯಾದೆ ಸಲ್ಲಬೇಕು. ಆಪ್‌ಇಮೇಜ್ ತಾನಾಗಿ ಅಪ್‌ಡೇಟಾಗುವುದು ಅಪರೂಪ. ನೀವು ಮುಂದಿನ ದೀಪಾವಳಿಗೆ ಬರುವವರೆಗೆ ಅದರಲ್ಲಿನ ಹಳೆ ದೋಷ ಹಾಗೆಯೇ ಕೂತಿರುತ್ತದೆ. ಹೋಗುವ ಮುನ್ನ ಟೈಮ್‌ಶಿಫ್ಟ್ ಆನ್ ಮಾಡಿ, ಅದರಿಂದ ಹಿಂದಕ್ಕೆ ಹೋಗುವುದು ಹೇಗೆಂದು ಮನೆಯಲ್ಲಿ ಒಬ್ಬರಿಗಾದರೂ ತೋರಿಸಿಕೊಡಿ. ಅದು ಸಿಸ್ಟಮ್ಮನ್ನು ಉಳಿಸುತ್ತದೆ, ಅಪ್ಪನ ಲೆಕ್ಕದ ಫೈಲುಗಳನ್ನಲ್ಲ. ಅವುಗಳ ನಕಲು ಬೇರೆ ಡಿಸ್ಕಿನಲ್ಲಿರಬೇಕು. ಟ್ಯಾಲಿ ಬೇಕೇ ಬೇಕೆನ್ನುವವರಿಗೆ ಅದು ವಿಂಡೋಸಿನದು ಎಂದು ನೇರವಾಗಿ ಹೇಳಿ. ವೈನಿನಲ್ಲಿ ಹೇಗೋ ಓಡಿಸಿ ಕೊಟ್ಟು ಮಾರ್ಚ್ ಕೊನೆಯ ವಾರ ಅವರನ್ನು ನಡುನೀರಿನಲ್ಲಿ ಬಿಡಬೇಡಿ.

ಎಪಿಟಿ ತನ್ನದೊಂದು ಇತಿಹಾಸದ ಲಾಗ್ ಬರೆಯುತ್ತದೆಯಲ್ಲ, ಬೇರೆ ಬರವಣಿಗೆ ಯಾಕೆ ಎಂದು ನಿಮ್ಮಲ್ಲಿ ಬಲ್ಲವರು ಕೇಳಬಹುದು. ಬರೆಯುತ್ತದೆ, ಆದರೆ ತಿಂಗಳಿಗೊಮ್ಮೆ ಮಡಚಿ ಹನ್ನೆರಡು ತಿಂಗಳ ಆಚೆಯದನ್ನು ಅಳಿಸುತ್ತದೆ. ಕರ್ಲ್ ಸ್ಕ್ರಿಪ್ಟ್, ಮೇಕ್ ಇನ್‌ಸ್ಟಾಲ್, ಒಪ್ಟ್ ಫೋಲ್ಡರಿಗೆ ಬಿಚ್ಚಿದ ಟಾರ್ ಫೈಲ್, ಮನೆಯ ಫೋಲ್ಡರಿನ ಆಪ್‌ಇಮೇಜ್ ಯಾವುದೂ ಅದರಲ್ಲಿ ದಾಖಲಾಗುವುದಿಲ್ಲ. ಯಾಕೆ ಹಾಕಿದಿರಿ ಎಂದು ಯಾವ ಲಾಗೂ ಹೇಳುವುದಿಲ್ಲ.

ಆದ್ದರಿಂದ ಇನ್ನು ಮುಂದೆ ನಿಮ್ಮ ಕೈಯಿಂದ ಹೋಗುವ ಪ್ರತಿ ಲಿನಕ್ಸ್ ಯಂತ್ರದ ಡೆಸ್ಕ್‌ಟಾಪಿನಲ್ಲಿ ಒಂದು ಸಾದಾ ಪಠ್ಯದ ಫೈಲ್ ಇರಲಿ, ಅದರ ಒಂದು ಪ್ರಿಂಟ್ ಸಿಪಿಯು ಪೆಟ್ಟಿಗೆಯ ಬದಿಗೆ ಅಂಟಲಿ. ಯಾವ ಡಿಸ್ಟ್ರೋ, ಯಾವ ಆವೃತ್ತಿ, ಬೆಂಬಲ ಯಾವ ವರ್ಷದವರೆಗೆ, ಹೊರಗಿನಿಂದ ಏನು ತಂದಿರಿ, ಯಾವ ವಿಳಾಸದಿಂದ, ಯಾವ ದಿನ, ಯಾತಕ್ಕೆ, ತೆಗೆಯುವುದು ಹೇಗೆ. ಇಷ್ಟನ್ನು ಕನ್ನಡದಲ್ಲೇ ಬರೆಯಿರಿ, ಶಾಲೆಯ ಗುಮಾಸ್ತರೂ ಓದುವಂತೆ. ಈಗಾಗಲೇ ಕೊಟ್ಟ ಯಂತ್ರಗಳು ಸರ್ವೀಸಿಗೆ ಬಂದಾಗ ಅವಕ್ಕೂ ಈ ಪಟ್ಟಿ ಮಾಡಿ, ಅದಕ್ಕೆ ಹಿಡಿದ ಸಮಯದ ಹಣವನ್ನು ಬಿಲ್ಲಿನಲ್ಲಿ ಸೇರಿಸಿ. ಗಿರಾಕಿಗಳಲ್ಲಿ ಯಾರಾದರೂ ಈ ಪತ್ರ ಓದುತ್ತಿದ್ದರೆ, ಮುಂದಿನ ಸಲ ಯಂತ್ರ ತೆಗೆದುಕೊಳ್ಳುವಾಗ ಆ ಹಾಳೆಯನ್ನು ಕೇಳಿ ಪಡೆಯಿರಿ.

ಇತಿ,
ನಿಮ್ಮೂರಿನ ಒಬ್ಬ ಲಿನಕ್ಸ್ ಬಳಕೆದಾರ